ದಾದಿ ಅಮಿತಾರ ಸಹಿ ಸಲ್ಲದ ಕಚೇರಿಗೆ

ಗ್ರಾಮೀಣ ಸಾಮಾನ್ಯ ವೈದ್ಯರ ತರಬೇತಿ ವಿಭಾಗದ ನಿರ್ದೇಶಕರಲ್ಲಿ,

ಮಾನ್ಯರೇ,

ನನ್ನ ಶಿಷ್ಯೆ ಡಾ. ಧಾರಿಣಿಯ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಹಳ್ಳಿಯ ವೈದ್ಯೆಯಾಗುವ ತರಬೇತಿಗೆ ಅವಳು ಅನರ್ಹಳು. ಕಾರಣ, ಅವಳು ಹಳ್ಳಿಯಲ್ಲಿ ಕಲಿತಳು. ಈ ವಾಕ್ಯವನ್ನು ಮೂರು ಬಾರಿ ತಿದ್ದಲು ಯತ್ನಿಸಿದೆ. ತಪ್ಪು ವಾಕ್ಯದಲ್ಲಿಲ್ಲ.

ದೆಹಲಿಯಿಂದ ಎರಡು ಗಂಟೆ ದೂರದ ಹರಿಯಾಣದ ಆರೋಗ್ಯ ಕೇಂದ್ರವೊಂದರಲ್ಲಿ ಎರಡು ವರ್ಷ ಅವಳೊಬ್ಬಳೇ ವೈದ್ಯೆ. ಹೆರಿಗೆ, ಹಾವಿನ ಕಡಿತ, ಮುರಿದ ಮೊಣಕೈ, ಮುದುಕರ ಸಕ್ಕರೆ ಕಾಯಿಲೆ, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ತಮ್ಮ ನಿಯಮದಂತೆ ಅರ್ಜಿದಾರರು ಇಂಥ ಪ್ರತಿಯೊಂದನ್ನೂ ದಾಖಲೆ ಪುಸ್ತಕದಲ್ಲಿ ಬರೆದು, ಪಕ್ಕದ ಅಂಕಣದಲ್ಲಿ ‘ಕಲಿಸಿದವರ ಸಹಿ’ ಪಡೆಯಬೇಕು. ಸಹಿ ಹಾಕುವವರು ಆ ವಿಷಯದ ತಜ್ಞರಾಗಿರಬೇಕು. ತಜ್ಞರಿದ್ದಿದ್ದರೆ ಆ ಊರಿಗೆ ಧಾರಿಣಿ ಏಕೆ ಬೇಕಿತ್ತು?

ಹೆರಿಗೆಯ ಪುಟಗಳಿಗೆಲ್ಲ ಅವಳು ಆ ಕೇಂದ್ರದ ದಾದಿ ಅಮಿತಾರ ಸಹಿ ಹಾಕಿಸಿದಳು. ಮಗು ಕಾಲು ಮುಂದಾಗಿ ಬಂದಾಗ ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂದು ಕಲಿಸಿದವರು ಆಕೆಯೇ. ತಮ್ಮ ಕಚೇರಿಗೆ ಅವಳೊಡನೆ ನಾನೂ ಬಂದಿದ್ದೆ. ಪುಟ ತಿರುವಿದ ಗುಮಾಸ್ತರು ಹಿಂದಿಯಲ್ಲಿ ಹೇಳಿದರು:

“ಮೇಡಂ, ನರ್ಸ್ ಸಹಿ ಇಲ್ಲಿ ನಡೆಯೋಲ್ಲ. ಯಾರಾದ್ರೂ ದೊಡ್ಡ ಡಾಕ್ಟರ್ ಹತ್ರ ಒಟ್ಟಿಗೆ ಹಾಕಿಸ್ಕೊಂಡು ಬನ್ನಿ. ಎಲ್ಲರೂ ಹಾಗೇ ಮಾಡ್ತಾರೆ.”

“ಅವರು ನನಗೆ ಕಲಿಸಿಲ್ಲವಲ್ಲ, ಭಯ್ಯಾ.”

“ಅಚ್ಛಾ, ಸಹಿ ಹಾಕೋಕೆ ಕಲಿಸಲೇಬೇಕಾ?”

ಆತನನ್ನು ನಾನು ದೂರುವುದಿಲ್ಲ. ತಮ್ಮ ವ್ಯವಸ್ಥೆಯನ್ನು ಇಷ್ಟು ಸ್ಪಷ್ಟವಾಗಿ ಬೇರಾರೂ ವಿವರಿಸಿಲ್ಲ. ಆಯ್ಕೆಯಾದವರೆಲ್ಲ ನಗರದ ದೊಡ್ಡ ಆಸ್ಪತ್ರೆಗಳವರು. ಅವರ ಸಹಿಗಳು ಪರಿಪೂರ್ಣ. ಹಳ್ಳಿಯೊಂದನ್ನು ಅವರಿನ್ನೂ ನೋಡಬೇಕಷ್ಟೆ. ಇತ್ತ ತರಬೇತಿಯಿಲ್ಲವೆಂದು ಧಾರಿಣಿಯ ಗುತ್ತಿಗೆಯನ್ನು ನವೀಕರಿಸಲಿಲ್ಲ. ಆ ಕೇಂದ್ರದಲ್ಲಿ ಈಗ ಅಮಿತಾ ಒಬ್ಬರೇ ಇದ್ದಾರೆ. ಸೋಮವಾರದಿಂದ ಧಾರಿಣಿ ಗುರುಗ್ರಾಮದ ಕೂದಲು ಕಸಿ ಕ್ಲಿನಿಕ್ಕಿಗೆ ಹೋಗುತ್ತಾಳೆ. ಅಲ್ಲಿ ಯಾರ ಸಹಿಯನ್ನೂ ಕೇಳಲಿಲ್ಲವಂತೆ. ಅವಳೇ ನನಗೆ ಸಮಾಧಾನ ಹೇಳಿದಳು: “ಬಿಡಿ ಮಿಸ್, ಅಲ್ಲಿ ಯಾರೂ ಕಾಲು ಮುಂದಾಗಿ ಬರೋಲ್ಲ.”

ಹಳ್ಳಿಗಾಗಿ ವೈದ್ಯರನ್ನು ತಯಾರಿಸುವ ದಾರಿಗೆ ಹಳ್ಳಿಯ ಕಡೆಯಿಂದ ಬಾಗಿಲೇ ಇಲ್ಲವೆಂದರೆ, ಅದು ಯಾರ ದಾರಿ?

ಆ ಪುಟಗಳನ್ನು ಮಾನ್ಯ ಮಾಡಿ ಎಂಬುದು ನನ್ನ ಆಗ್ರಹ. ಮಾಡುವಿರೆಂಬ ನಂಬಿಕೆ ನನಗಿಲ್ಲ. ಆದ್ದರಿಂದ ಇನ್ನೊಂದು ಚಿಕ್ಕ ಆಗ್ರಹ: ‘ಕಲಿಸಿದವರ ಸಹಿ’ ಎಂಬ ಶೀರ್ಷಿಕೆಯನ್ನು ಅಳಿಸಿಹಾಕಿ. ಮುಂದೆ ಬರುವ ಮಕ್ಕಳಾದರೂ ಅದನ್ನು ನಿಜವೆಂದು ಓದದಿರಲಿ.

ಇಂತಿ,
ಯಾರಿಂದ ಕಲಿತೆಯೋ ಅವರ ಹೆಸರನ್ನೇ ಬರೆ ಎಂದು ಐದನೆಯ ತರಗತಿಯಲ್ಲಿ ಧಾರಿಣಿಗೆ ಕಲಿಸಿ ಅವಳನ್ನು ಕೆಡಿಸಿದ
ವಾಸಂತಿ, ನಿವೃತ್ತ ಶಿಕ್ಷಕಿ
ವಸಂತ್ ಕುಂಜ್, ದೆಹಲಿ