ಹೂಂ ಅನ್ನದ ಮಕ್ತುಮಸಾಬ

೧೪ ಜುಲೈ, ಸೋಮವಾರ

ಮಕ್ತುಮಸಾಬ ಇವತ್ತು ಹೂಂ ಅನ್ನಲಿಲ್ಲ.

ನಲವತ್ತು ವರ್ಷ ಕಟ್ಟೆಯ ಮೇಲೆ ನಾನು ಕಥೆ ಹೇಳಿದ್ದೇನೆ, ಅವನು ಸಾಲುಸಾಲಿಗೂ ಹೂಂಗುಟ್ಟಿದ್ದಾನೆ. ರಾಕ್ಷಸನಿಗೆ ಏಳು ತಲೆ ಎಂದರೂ ಹೂಂ, ಒಂಬತ್ತು ಎಂದರೂ ಹೂಂ.

ಬ್ಯಾಡಗಿ ರಸ್ತೆಯ ಮೆಣಸಿನಕಾಯಿ ಎಣ್ಣೆ ಕಾರ್ಖಾನೆಗೆ ಸರ್ಕಾರ ಕೋಟಿಗಟ್ಟಲೆ ಸಹಾಯಧನ ಕೊಟ್ಟದ್ದು ಊರಿನ ಇನ್ನೂರು ಮಂದಿಗೆ ಕೆಲಸ ಸಿಗಲಿ ಎಂದು. ಇನ್ನೂರು ಮಂದಿಯೂ ಇದ್ದಾರೆ ಎಂದು ಕಾರ್ಖಾನೆ ಲೆಕ್ಕ ತೋರಿಸಿದೆ. ಅದರ ವಿಚಾರಣೆಗೆ ಇವತ್ತು ಬಂದ ಅಧಿಕಾರಿಯ ಮುಂದೆ ಗ್ರಾಮಸಭೆಯಲ್ಲಿ ಎದ್ದು ನಿಂತೆ.

“ಇನ್ನೂರಲ್ರಿ ಸಾಹೇಬ್ರ, ಹನ್ನೊಂದು ಮಂದಿ ಅದಾರ. ಬೇಕಾದ್ರ ಗೇಟ್ ಕಾಯೋ ನಮ್ಮ ಮಕ್ತುಮನ್ನ ಕೇಳ್ರಿ.”

ಎಲ್ಲರೂ ಅವನ ಕಡೆ ತಿರುಗಿದರು. ಅವನು ತೊಡೆಯ ಮೇಲಿನ ಕಾಕಿ ಟೊಪ್ಪಿಗೆಯನ್ನೇ ನೋಡುತ್ತ ಕುಳಿತ.

“ಕಥಿ ಹೇಳೋ ಮುದುಕಂದು ಇದೂ ಒಂದು ಕಥೀನ ತಗೋರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಹೊರಗೆ ಬಂದಾಗ ಮಕ್ತುಮ ಹತ್ತಿರ ಬಂದ. “ಆ ಹನ್ನೊಂದ್ರಾಗ ನಾನೂ ಒಬ್ಬಾಂವ ಅಲ್ಲೇನೋ ನಿಜಲಿಂಗಪ್ಪ? ನನ್ನ ಹೆಸರ ಯಾಕ ತಗದಿ?” ಎಂದವನೇ ಹೊರಟುಹೋದ.

ಕೇಳಿದ್ದು ಸರಿ. ಅವನ ಹೆಸರು ಎತ್ತಿದ್ದು ನನ್ನ ತಪ್ಪು.

ಸಂಜೆ ಕಟ್ಟೆಗೆ ಅವನು ಬರಲಿಲ್ಲ. ಒಬ್ಬನೇ ಕುಳಿತು ಮೆಲ್ಲಗೆ ಕಥೆ ಶುರುಮಾಡಿದೆ. ಒಂದೂರಲ್ಲಿ ಒಬ್ಬ ರಾಜನಿದ್ದ ಎಂದೆ. ಆಮೇಲೆ ರೂಢಿಯಂತೆ ಸುಮ್ಮನೆ ಕಾದೆ.