ಒಳಪದರದ ಸೀರೆ

ತಿ. ನರಸೀಪುರ
9-12-1998

ಪ್ರೀತಿಯ ಅಕ್ಕ,

ನಿನ್ನ ಪತ್ರ ದಸರೆಗೆ ಮುಂಚೆ ಬಂತು. ಈಗ ಡಿಸೆಂಬರ್. ಹುಲ್ಲಹಳ್ಳಿಗೆ ಅಂಚೆಯೇ ಹೋಗುವುದಿಲ್ಲ ಅನ್ನುವ ಹಾಗೆ ಇಷ್ಟು ದಿನ ಸುಮ್ಮನಿದ್ದೆ. ಬೈಯುವುದಿದ್ದರೆ ಬೈದುಬಿಡು. ಇಲ್ಲಿ ಅಪ್ಪ ಕ್ಷೇಮ, ಅವರ ಕೆಮ್ಮೂ ಕ್ಷೇಮ. ನಾನು ಹೇಗಿದ್ದೇನೆ ಅನ್ನುವುದನ್ನು ಪತ್ರ ಪೂರ್ತಿ ಓದಿ ನೀನೇ ಹೇಳು. ನಿನಗೆ ಏಳು ತಿಂಗಳು ತುಂಬಿತು, ಕಾಲು ಊದಿಕೊಳ್ಳುತ್ತಿದೆ ಅಂತ ಭಾವ ಸಂತೆಯಲ್ಲಿ ಅಪ್ಪನಿಗೆ ಹೇಳಿದರಂತೆ. ಉಪ್ಪಿನಕಾಯಿ ಬಿಡು. ನೀನು ಬಿಡುವುದಿಲ್ಲ ಅಂತ ಗೊತ್ತು, ಆದರೂ ಬರೆದಿದ್ದೇನೆ.

ನೀನು ಎರಡು ಮಾತು ಕೇಳಿದ್ದೆ. ಹುಟ್ಟುವ ಕೂಸಿಗೆ ಒಂದು ಕೌದಿ ಹೊಲಿದುಕೊಡುತ್ತೀಯಾ ಅಂತ ಒಂದು. ಅವ್ವನ ಸೀರೆ ಯಾವುದಾದರೂ ಉಳಿದಿದ್ದರೆ ಅದನ್ನೂ ಒಳಗೆ ಇಟ್ಟು ಹೊಲಿ, ಅತ್ತೆಗೆ ಗೊತ್ತಾಗುವುದು ಬೇಡ ಅಂತ ಇನ್ನೊಂದು. ಮೊದಲನೇ ಮಗು ಇಪ್ಪತ್ತೆರಡು ದಿನಕ್ಕೆ ಹೋದಮೇಲೆ ನೀನು ನನ್ನ ಹತ್ತಿರ ಕೌದಿಯ ಮಾತೇ ಎತ್ತಿರಲಿಲ್ಲ. ಪತ್ರ ಓದಿ, ಮಡಿಚಿ, ಹೊಲಿಗೆ ಮಿಶನ್ನಿನ ಡ್ರಾಯರಿನಲ್ಲಿ ಇಟ್ಟೆ. ದಿನಾ ಅದರ ಎದುರಿಗೇ ಕೂತು ಹೊಲಿದೆ. ಉತ್ತರ ಬರೆಯಲು ಮಾತ್ರ ಆಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ಇಲ್ಲಿ ನಡೆದದ್ದನ್ನು ಹೇಳಬೇಕು.

ಮಿಶನ್ನು ನಂಜನಗೂಡಿನ ಟೈಲರ್ ಕಲ್ಲಯ್ಯನವರದು. ಅವರಿಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ಅದನ್ನು ಕೊಂಡು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಕಂಡಕ್ಟರ್ ‘ಮದುವೆಗೆ ಮುಂಚೇನೇ ವರದಕ್ಷಿಣೆ ಸಾಗಿಸ್ತಾ ಇದ್ದೀಯಲ್ಲವ್ವ’ ಅಂತ ರೇಗಿಸುತ್ತಿದ್ದ. ಬ್ಲೌಸು ಹೊಲಿಯುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ನಾನು ಕೌದಿಗೆ ಕೈಹಾಕಿದೆ. ಕೈಯಲ್ಲಿ ತಿಂಗಳು ಹಿಡಿಯುವುದು ಮಿಶನ್ನಿನಲ್ಲಿ ಮೂರು ದಿನಕ್ಕೆ ಮುಗಿಯುತ್ತದೆ. ಅದನ್ನು ಕಲಿಯಲು ಒಂದೂವರೆ ತಿಂಗಳು ಬೇಕಾಯಿತು. ಐದು ಪದರ ಸೀರೆ ಸೂಜಿಯ ಕೆಳಗೆ ಹೋದರೆ ಮೇಲಿನದು ಮುಂದಕ್ಕೆ ಓಡುತ್ತದೆ, ಕೆಳಗಿನದು ನೆರಿಗೆ ಕಟ್ಟಿಕೊಂಡು ಕೂರುತ್ತದೆ. ಕಡೆಗೆ ಕಲ್ಲಯ್ಯನವರೇ ಒಂದು ದಿನ ಬಂದು, ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲು ಹೇರಿಸಿ, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಸಿದರು. ಆಮೇಲೆ ಎರಡೂ ಕಡೆಯಿಂದ ಚಾಪೆಯ ಹಾಗೆ ಸುತ್ತಿಕೊಂಡು ನಡುವಿನಿಂದ ಹೊಲಿಯಬೇಕು. ‘ಅಂಚಿಂದ ಶುರು ಮಾಡಿದ್ಯೋ, ಕೆಟ್ಟೆ’ ಅಂದರು.

ಮೊದಲ ಗಿರಾಕಿ ಸೋಸಲೆಯ ಪುಟ್ಟಬಸಮ್ಮ. ಮಗಳ ಬಾಣಂತನ ಮಾಡುತ್ತಿದ್ದರು, ಮೊಮ್ಮಗನಿಗೆ ಕೌದಿ ಬೇಕಿತ್ತು. ತಮ್ಮ ಅತ್ತೆಯ ಐದು ಸೀರೆ ಗಂಟು ಕಟ್ಟಿ ತಂದರು. ಅತ್ತೆಗೆ ಎಂಬತ್ತು ದಾಟಿದೆ, ಈಗಲೂ ರಾಗಿ ಕೇರುತ್ತಾರಂತೆ. ಕೂಸಿನ ಕೌದಿಗೆ ತುಂಬು ಬಾಳು ಬಾಳುತ್ತಿರುವ ಮುದುಕಿಯ ಸೀರೆಯೇ ಆಗಬೇಕು, ಸತ್ತವರದು ಸೋಕಬಾರದು ಅನ್ನುವ ರೂಢಿ ನಿನಗೆ ಗೊತ್ತೇ ಇದೆ. ‘ಮುದ್ಕಿ ಆಯಸ್ಸೆಲ್ಲ ನನ್ ಮೊಮ್ಮಗೀಗೆ ಇಳೀಲಿ’ ಅಂತ ನಕ್ಕರು.

ಐದರಲ್ಲಿ ಒಂದು ಸೀರೆ ಪೂರಾ ಜೀರ್ಣವಾಗಿತ್ತು. ಸೂಜಿ ತಾಕಿದ ಕಡೆಯೆಲ್ಲ ಬಿರಿಯಿತು. ಮೊದಲ ಕೆಲಸ, ಇನ್ನೊಂದು ಸೀರೆ ಕೇಳಲು ನಾಚಿಕೆ. ಹಳೇ ಬಟ್ಟೆಯ ಮಲ್ಲಯ್ಯನ ಹತ್ತಿರ ಒಂದು ನೀಲಿ ವಾಯಿಲ್ ಸೀರೆ ಕೊಂಡು ಒಳಪದರಕ್ಕೆ ಹಾಕಿದೆ. ಬೆಣ್ಣೆಯಂಥ ಬಟ್ಟೆ. ಕೌದಿ ನೋಡಿ ಪುಟ್ಟಬಸಮ್ಮ ಬಿಸಿಲಿಗೆ ಹಿಡಿದು, ಹೊಲಿಗೆಯ ಸಾಲು ಎಣಿಸಿ, ‘ಗೆರೆ ಒಡ್ದಂಗೆ ಅದೆ ಕಣವ್ವ’ ಅಂದರು. ಅವರ ಬಾಯಿಂದ ಸುದ್ದಿ ಹರಡಿ ವಾರದಲ್ಲಿ ಇನ್ನೂ ಮೂರು ಗಂಟು ನಮ್ಮ ಮನೆಗೆ ಬಂದವು. ಅಪ್ಪ ಅಂಗಳದಲ್ಲಿ ತಂತಿ ಕಟ್ಟಿಕೊಟ್ಟರು. ಅಷ್ಟು ಖುಷಿ ನನಗೆ ನೆನಪಿರುವ ಹಾಗೆ ಇನ್ನೊಂದು ಸಲ ಆಗಿಲ್ಲ.

ಇನ್ನೆರಡು ಅಂಥದೇ ಸೀರೆ ಬೇಕು ಅಂತ ಮಲ್ಲಯ್ಯನ ಹತ್ತಿರ ಹೋದೆ. ಆತ ಬೀಡಿ ಕಚ್ಚಿಕೊಂಡೇ ಹೇಳಿದ, ‘ಸಂಗಮದಲ್ಲಿ ಒಳ್ಳೇವು ದಿನಾ ಸಿಕ್ಕಾಕಿಲ್ಲ. ಕಾರಲ್ಲಿ ಬರೋರು ಬುಟ್ರೆ ಉಂಟು, ಇಲ್ದಿದ್ರೆ ಇಲ್ಲ.’ ನನಗೆ ತಕ್ಷಣ ಅರ್ಥವಾಗಲಿಲ್ಲ. ‘ಏನ್ ಬಿಡೋರು?’ ಅಂದೆ. ‘ಬೂದಿ ಬುಡಕ್ಕೆ ಬತ್ತಾರಲ್ಲವ್ವ, ಸತ್ತೋರ ಬಟ್ಟೆ ನೀರಿಗೆ ಬುಟ್ಟು ತಿರುಗಿ ನೋಡ್ದೆ ಓಯ್ತಾರೆ. ಒಗ್ದು ಮಾರ್ತೀನಿ. ನರಸೀಪುರದೋಳಾಗಿ ಇಷ್ಟೂ ತಿಳೀದಾ?’

ನಿಜ, ತಿಳಿಯಬೇಕಿತ್ತು. ನಾವು ಚಿಕ್ಕವರಿದ್ದಾಗಿಂದ ಆ ದಡದಲ್ಲಿ ನೆನೆದ ಗಂಟುಗಳನ್ನು ನೋಡಿಕೊಂಡೇ ಬೆಳೆದವರು.

ಮಾರನೇ ದಿನ ಸೋಸಲೆ ಬಸ್ಸಿಗೆ ಹೊರಟೆ. ‘ಓಗಬ್ಯಾಡ’ ಅಂದರು ಅಪ್ಪ. ‘ಒಳಗಿರೋದು ಯಾರಿಗ್ ಕಾಣ್ತದೆ ಮಗ? ಪರೀಕ್ಷೇಲಿ ಮೇಷ್ಟ್ರೇ ಉತ್ತರ ಏಳ್ಕೊಟ್ರೆ ಬರೆಯಾಕಿಲ್ಲ ಅಂತ ಎದ್ದು ಬಂದೋಳು ನೀನು. ಸ್ಕೂಲ್ ಬುಟ್ಟಂಗೆ ಇದನ್ನೂ ಬುಡ್ತೀಯಾ?’ ನಾನು ಚಪ್ಪಲಿ ಮೆಟ್ಟಿಕೊಂಡೆ. ಅಪ್ಪ ಅಂದದ್ದರಲ್ಲಿ ಸುಳ್ಳಿಲ್ಲ.

ಪುಟ್ಟಬಸಮ್ಮ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು. ಮಗು ಗುಂಡಗಿತ್ತು ಅಕ್ಕ, ತೊಡೆಯಲ್ಲಿ ಮೂರು ಮಡಿಕೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕಿರುಚುತ್ತಾರೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ಕೈಯ ಎಣ್ಣೆ ಸೆರಗಿಗೆ ಒರೆಸಿಕೊಂಡು ಮೆತ್ತಗೆ ಅಂದರು, ‘ನೀನು ಏಳ್ದೇ ಇದ್ದಿದ್ರೆ ನನ್ ಕೂಸಿಗೆ ಏನೂ ಆಯ್ತಿರ್ನಿಲ್ಲ ಕಣವ್ವ. ಏಳ್ಬುಟ್ಟೆ. ಇನ್ಮೇಲೆ ಅದು ಒಂದ್ ಸೀನು ಸೀನುದ್ರೂ ನನ್ನೆದೆ ಒಡ್ಕತದೆ. ನಿನ್ ಮನ್ಸು ಅಗುರ ಮಾಡ್ಕಳಕ್ಕೆ ನನ್ ತಲೆ ಮ್ಯಾಲೆ ಇಳಿಸ್ಬುಟ್ಟೆ.’

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೇಳಿದ್ದು ಸರಿ ಅಂತ ಅರ್ಧ ದಿನ ಅನ್ನಿಸುತ್ತದೆ, ಇನ್ನರ್ಧ ದಿನ ಪುಟ್ಟಬಸಮ್ಮನೇ ಸರಿ ಅನ್ನಿಸುತ್ತದೆ.

ಕೌದಿ ವಾಪಸ್ ತಂದೆ. ಹೊಲಿದದ್ದು ಮೂರು ದಿನ, ಬಿಚ್ಚಿದ್ದು ಐದು ದಿನ. ಅವರ ಸೀರೆಗಳನ್ನು ಒಗೆದು ಮುಟ್ಟಿಸಿದೆ, ನೀಲಿ ಸೀರೆಯನ್ನು ನಾನೇ ಹೋಗಿ ಸಂಗಮಕ್ಕೆ ಬಿಟ್ಟೆ. ಮಲ್ಲಯ್ಯ ಮತ್ತೆ ಎತ್ತಿಕೊಂಡಿರುತ್ತಾನೆ, ಅದು ಬೇರೆ ಮಾತು. ಉಳಿದ ಮೂರು ಗಂಟಿನವರೂ ಒಬ್ಬೊಬ್ಬರಾಗಿ ಬಂದು ತಮ್ಮದನ್ನು ತೆಗೆದುಕೊಂಡು ಹೋದರು. ಒಬ್ಬಳಂತೂ ಒಳಗೆ ಬರದೆ ಬಾಗಿಲಲ್ಲೇ ನಿಂತು ಕೈಚಾಚಿದಳು.

ಹದಿನೈದು ದಿನ ಮಿಶನ್ನಿನ ಮೇಲೆ ಅಪ್ಪನ ಅಂಗಿ ಒಣಗಿತು. ಆಮೇಲೆ ಹಿಂದಿನ ಬೀದಿಯ ಮಂಚಮ್ಮ ಬಂದರು. ಅವರ ಮಗ ಮಾದು ಹೋದ ವರ್ಷ ಕಬ್ಬಿನ ಲಾರಿಯಿಂದ ಬಿದ್ದು ತೀರಿಕೊಂಡನಲ್ಲ, ಅವರೇ.

‘ಸತ್ತೋರ ಬಟ್ಟೆ ಒಲಿಯೋ ಉಡ್ಗಿ ನೀನೇನಾ?’ ಅಂದರು.

‘ಅದು ಗೊತ್ತಿಲ್ದೆ ಆಗಿದ್ದು, ಮಂಚಮ್ಮ.’

‘ಈಗ ಗೊತ್ತಿದ್ದೇ ಒಲಿ.’ ಮಡಿಲಿನಿಂದ ಎರಡು ಅಂಗಿ, ಒಂದು ಲುಂಗಿ, ಒಂದು ಪಂಚೆ ತೆಗೆದು ಇಟ್ಟರು. ‘ಒಳೆಗೆ ಬುಟ್ಟೆ ಅಂತ ಎಲ್ರಿಗೂ ಏಳಿವ್ನಿ. ಬುಟ್ಟಿದ್ದು ನಮ್ಮನೆ ಅಳೇ ಪರದೆ. ನನಗೊಂದು ಒದ್ಕಳಕ್ಕೆ ಕೌದಿ ಮಾಡ್ಕೊಡು. ಅಂಗಿ ಜೇಬು ಕೊಡವಬ್ಯಾಡ, ಬೀಡಿ ಪುಡಿ ಇದ್ರೆ ಇರ್ಲಿ.’

ಅದನ್ನು ನೋಡಿ ಅಪ್ಪ, ‘ಇನ್ನು ಊರ ಹೆಣದ ಬಟ್ಟೆಯೆಲ್ಲ ನಮ್ಮನೆಗೇ’ ಅಂದು ಎದ್ದು ಹೊರಗೆ ಹೋದರು. ಮಂಚಮ್ಮನದು ನಿನ್ನೆ ಮುಗಿಯಿತು. ಅವರು ಅದನ್ನು ಹೊದ್ದುಕೊಂಡೇ ಬೀದಿಯಲ್ಲಿ ನಡೆದು ಹೋದರು, ನೆತ್ತಿ ಸುಡುವ ಬಿಸಿಲಲ್ಲಿ. ಇವತ್ತು ಬೆಳಿಗ್ಗೆ ಇನ್ನೊಬ್ಬರು ಗಂಡನ ಪಂಚೆ ತಂದಿಟ್ಟು ಹೋಗಿದ್ದಾರೆ. ಇದು ವ್ಯಾಪಾರವೋ ಏನೋ ನನಗೆ ತಿಳಿಯುತ್ತಿಲ್ಲ. ಕೂಸುಗಳ ಕೌದಿಗೆ ಮಾತ್ರ ಇನ್ನು ಈ ಊರಲ್ಲಿ ಯಾರೂ ನನ್ನ ಹತ್ತಿರ ಬರುವುದಿಲ್ಲ.

ನೀನು ಕೇಳಿದ ಮೊದಲ ಮಾತಿಗೆ ಉತ್ತರ: ಹೊಲಿಯುತ್ತೇನೆ, ನಿನಗೆ ಬೇಕಿದ್ದರೆ. ಭಾವನಿಗೂ ನಿಮ್ಮತ್ತೆಗೂ ನನ್ನ ನಮಸ್ಕಾರ. ನಿನ್ನ ಹೊಟ್ಟೆಯೊಳಗಿನ ಕೂಸು ದಿನ ತುಂಬಿ, ಅಳುತ್ತಾ, ಒದೆಯುತ್ತಾ ಹೊರಗೆ ಬರಲಿ. ನೂರು ಸಲ ಸೀನಲಿ, ಯಾರೂ ಹೆದರದಿರಲಿ.

ನಿನ್ನ ತಂಗಿ,
ರಂಜಿನಿ

ಮರೆತಿದ್ದಕ್ಕೆ ಕೆಳಗೆ ಬರೆಯುತ್ತಿಲ್ಲ ಅಕ್ಕ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಅವ್ವ ಹೋದ ಹನ್ನೊಂದನೇ ದಿನ ಚಿಕ್ಕವ್ವ ಅವಳ ಸೀರೆಗಳನ್ನು ಹೊಳೆಗೆ ಬಿಡಲು ಗಂಟು ಕಟ್ಟುವಾಗ ನಾನು ಎರಡನ್ನು ಎಳೆದಿಟ್ಟುಕೊಂಡಿದ್ದೆ. ನಿನ್ನ ಮೊದಲ ಮಗುವಿಗೆ ಕೈಯಲ್ಲಿ ಹೊಲಿದುಕೊಟ್ಟ ಕೌದಿಯ ಒಳಪದರ ಅದರಲ್ಲಿ ಒಂದು. ನಿಮ್ಮತ್ತೆಯ ಎದುರಿಗೆ ನೀನು ‘ಯಾರ ಸೀರೆ’ ಅಂತ ಕೇಳಿದೆ, ನಾನು ‘ಅಜ್ಜೀದು’ ಅಂದೆ. ಅವ್ವ ಮಗುವಿನ ಹತ್ತಿರ ಇರಲಿ ಅಂತ ಮಾಡಿದ್ದು. ಇಪ್ಪತ್ತೆರಡು ದಿನವೂ ಮಗು ಆ ಕೌದಿಯ ಮೇಲೇ ಮಲಗಿತ್ತು. ಅದರಲ್ಲೇ ಸುತ್ತಿ ಮಣ್ಣು ಮಾಡಿದರು. ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತು ಅಂದರು ಡಾಕ್ಟರು, ನಾನು ಅದನ್ನೇ ನಂಬುತ್ತೇನೆ. ಮೂರು ವರ್ಷದಿಂದ ದಿನಾ ನಂಬುತ್ತಿದ್ದೇನೆ. ಸೋಸಲೆಯವರಿಗೆ ಎರಡು ದಿನದೊಳಗೆ ಹೇಳಿಬಂದೆ, ನಿನಗೆ ಹೇಳಲಿಲ್ಲ.

ಇನ್ನೊಂದು ಸೀರೆ ನನ್ನ ಹತ್ತಿರ ಇದೆ. ಹಾಕು ಅನ್ನು, ಬೇಡ ಅನ್ನು, ನಿನ್ನ ಕೌದಿಯೇ ಬೇಡ ಅನ್ನು. ಒಂದು ಕಾರ್ಡು ಸಾಕು. ಭಾವನ ಕೈಲಿ ಬರೆಸಬೇಡ, ನೀನೇ ಬರೆ.