ನನ್ನದನ್ನು ನನಗೆ ಬಿಡಿ

ಮಂಗಳವಾರ, ಮಧ್ಯಾಹ್ನ

ಕುಕ್ಕರ್ ಮೇಷ್ಟ್ರಿಗೆ,

ಆಪರೇಷನ್ ಥಿಯೇಟರಿನವರು ನಿಮ್ಮನ್ನು ಕರೆಯುವ ಹೆಸರಿನಿಂದಲೇ ಶುರು ಮಾಡಿದ್ದೇನೆ. ಬೇರೆ ಏನು ಬರೆದರೂ ಅದರಲ್ಲಿ ನಿಮ್ಮನ್ನು ಒಲಿಸಿಕೊಳ್ಳುವ ಉಪಾಯ ಇಣುಕುತ್ತಿತ್ತು.

ಫೋನಿನಲ್ಲಿ ಈ ಮಾತು ತೆಗೆದ ಕೂಡಲೇ ನೀವು ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೀರಿ. ನಿಮ್ಮ ಅಕ್ಕ ಎತ್ತಿದರೆ, ‘ಅವನು ಸ್ನಾನಕ್ಕೆ ಹೋಗಿದ್ದಾನಮ್ಮ’ ಎನ್ನುತ್ತಾರೆ. ಇಷ್ಟು ಸ್ನಾನ ಮಾಡುವ ಮನುಷ್ಯನನ್ನು ನಾನು ಮದುವೆಯಾಗಿರಲಿಲ್ಲ. ಅದಕ್ಕೇ ಈ ಕಾಗದ.

ಗುರುವಾರ ವಿಚಾರಣಾ ಸಮಿತಿ ಕೂರುತ್ತದೆ. ಸರಿಯಾಗಿ ಹಬೆ ಹಿಡಿಯದ ಕತ್ತರಿ, ಚಿಮಟಗಳನ್ನು ಕಣ್ಣಿನ ಆಪರೇಷನ್ನಿಗೆ ಕಳಿಸಿದ್ದು ನೀವೇ ಎಂದು ಅಲ್ಲಿ ಮತ್ತೆ ಹೇಳಲಿದ್ದೀರಿ. ಕಳಿಸಿದ್ದು ನಾನು. ನೀವು ಆಗ ಬಾಯ್ಲರಿನ ಸೋರುವ ವಾಲ್ವಿಗೆ ಬಟ್ಟೆ ಸುತ್ತುತ್ತ ಗೋಡೆಯ ಆಚೆ ಕೂತಿದ್ದಿರಿ. ಅವರು ಕುಕ್ಕರ್ ಎನ್ನುವ, ಉಪಕರಣಗಳನ್ನು ಹಬೆಯಲ್ಲಿಟ್ಟು ರೋಗಾಣು ಕೊಲ್ಲುವ ಮಷೀನಿನ ಬಾಗಿಲು ತೆರೆದವಳು ನಾನು, ಟ್ರೇಗಳನ್ನು ಪುಟ್ಟ ಲಿಫ್ಟಿನಲ್ಲಿಟ್ಟು ಗುಂಡಿ ಒತ್ತಿದವಳೂ ನಾನು.

ಸಮಿತಿಯವರಿಗೆ ಹೇಳುವ ಹಾಗೆ ಇಲ್ಲಿ ಒಮ್ಮೆ ಹೇಳಿ ನೋಡುತ್ತೇನೆ. ಪ್ರತಿ ಸಲ ಉಪಕರಣಗಳ ಜೊತೆ ಒಂದು ಪರೀಕ್ಷೆಯ ಪೊಟ್ಟಣವೂ ಮಷೀನಿನೊಳಗೆ ಹೋಗುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಕಾಗದದ ಪಟ್ಟಿ. ಹಬೆ ಒಳಗಿನತನಕ ಇಳಿದಿದ್ದರೆ ಪಟ್ಟಿ ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ಎಲ್ಲವನ್ನೂ ಮತ್ತೆ ಒಳಗಿಟ್ಟು ಮೊದಲಿಂದ ಶುರು ಮಾಡಬೇಕು. ಆ ದಿನ ನಾನು ಪೊಟ್ಟಣ ಬಿಚ್ಚಿ ನೋಡಲು ಮರೆತೆ. ಆ ದಿನ ಆಪರೇಷನ್ ಆದ ಟೈಲರಮ್ಮನಿಗೆ ಬಲಗಣ್ಣು ಹೋಯಿತು. ಸೋಂಕು ನಮ್ಮ ಟ್ರೇಯಿಂದಲೇ ಎಂದು ಲ್ಯಾಬಿನವರು ಹೇಳಿದರು. ಮೇಲ್ವಿಚಾರಕರ ಕೋಣೆಯಲ್ಲಿ ಯಾರು ಎಂಬ ಪ್ರಶ್ನೆ ಬಂದಾಗ ನೀವು ಒಂದು ಹೆಜ್ಜೆ ಮುಂದೆ ಬಂದು, ನಾನು ಸಾರ್, ಪಟ್ಟಿ ನೋಡೋದಕ್ಕೆ ಮರೆತುಹೋಯ್ತು ಸಾರ್, ಎಂದಿರಿ.

ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ನಾಲಿಗೆ ಬಿದ್ದುಹೋಗಿರಲಿಲ್ಲ. ನೀವು ಹೇಳಿ ಮುಗಿಸಿದ ಕೂಡಲೇ ನನಗೆ ಎಷ್ಟು ಹಗುರವಾಯಿತೆಂದರೆ, ಹಸಿವಾಯಿತು. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ. ಇದನ್ನು ನಿಮಗೆ ಹೇಳಿರಲಿಲ್ಲ.

ಈಗ ಒಂದು ಕಡೆ ಕೂರಲು ಆಗುತ್ತಿಲ್ಲ. ಈ ಪುಟ ಬರೆಯುವಷ್ಟರಲ್ಲಿ ಒಲೆ ಒರೆಸಿದೆ, ಕಿಟಕಿ ಮುಚ್ಚಿದೆ, ತೆರೆದೆ. ಚಮಚಗಳನ್ನು ಕುದಿಸಿ ಒಣಗಿಸಿ, ನಂಬಿಕೆ ಬಾರದೆ ಮತ್ತೆ ಕುದಿಸಿದೆ.

ಭಾನುವಾರ ಚರ್ಚಿನಲ್ಲಿ ಪೂಜೆಗೆ ಮುಂಚೆ ಪಾಪ ಹೇಳಿಕೊಳ್ಳುವ ಗೂಡಿನಲ್ಲಿ ಮೊಣಕಾಲೂರಿದೆ. ಬಾಯಿ ತೆರೆದರೆ ಬಂದದ್ದೆಲ್ಲ ನಿಮ್ಮ ಸುದ್ದಿ. ನನ್ನ ಗಂಡ ಸುಳ್ಳು ಹೇಳಿದ್ದಾರೆ, ಮೇಲಿನವರ ಮುಂದೆ ಹೇಳಿದ್ದಾರೆ, ಗುರುವಾರ ಮತ್ತೆ ಹೇಳುತ್ತಾರೆ, ಹೀಗೇ ಸಾಗಿತ್ತು. ಫಾದರ್ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, ‘ಅಮ್ಮಾ, ಸುಳ್ಳು ಅವರದ್ದು. ಅವರೇ ಬಂದು ಹೇಳ್ಲಿ. ಇಲ್ಲಿ ಪಕ್ಕದ ಮನೆ ಪಾಪ ತಗೊಳಲ್ಲ. ನಿಮ್ಮದೇನು ತಂದಿದ್ದೀರಿ?’ ಎಂದರು. ಅವರ ದನಿಯಲ್ಲಿ ನಗು ಇತ್ತು, ಆದರೆ ಪಟ್ಟು ಸಡಿಲಿಸಲಿಲ್ಲ. ನೋಡಲು ಮರೆತೆ ಎಂದೆ. ಅವರು, ಮರೆವಿಗೆ ದುಃಖ ಪಡಿ, ನಷ್ಟ ಆದವರ ಸೇವೆ ಮಾಡಿ, ಆದರೆ ಗೊತ್ತಿದ್ದೂ ಒಪ್ಪಿ ಮಾಡಿದ್ದಕ್ಕೆ ತಾನೆ ಪಾಪ ಅನ್ನೋದು, ಅಂಥದ್ದೇನಾದರೂ ಇದೆಯೇ ಎಂದು ಕೇಳಿದರು. ನನಗೆ ಕೆಮ್ಮು ಬಂತು. ಎದ್ದು ಬಂದುಬಿಟ್ಟೆ. ಹೊರಗೆ ಸಾಲಿನಲ್ಲಿದ್ದ ಮುದುಕಿ, ಇಷ್ಟು ಬೇಗ ಮುಗೀತಾ, ಪುಣ್ಯವಂತೆ, ಎಂದಳು.

ಅಲ್ಲಿಂದ ನೇರ ಟೈಲರಮ್ಮನ ಮನೆಗೆ ಹೋದೆ. ಹೊಲಿಗೆ ಯಂತ್ರವನ್ನು ಎಡಗಣ್ಣಿಗೆ ಅನುಕೂಲವಾಗುವಂತೆ ತಿರುಗಿಸಿ ಇಟ್ಟುಕೊಂಡಿದ್ದಾಳೆ. ಸೂಜಿಗೆ ದಾರ ಪೋಣಿಸಲು ಹೋಗಿ ಪ್ರತಿ ಸಲ ಸೂಜಿಯ ಪಕ್ಕದ ಗಾಳಿಗೆ ಚುಚ್ಚುತ್ತಾಳೆ. ನಾನು ಪೋಣಿಸಿಕೊಟ್ಟೆ. ನಿಮ್ಮ ವಿಷಯವೇ ಮಾತಾಡಿದಳು. ‘ನಿಮ್ಮ ಯಜಮಾನ್ರು ಇಲ್ಲೇ ಕೂತು ಅತ್ರು ಕಣಮ್ಮ. ನಾನು ಕ್ಷಮಿಸಿಬಿಟ್ಟೆ. ಬೈಯೋಣ ಅಂತ ತುಂಬ ಯೋಚನೆ ಮಾಡಿ ಇಟ್ಕೊಂಡಿದ್ದೆ, ಎಲ್ಲ ದಂಡ ಆಯ್ತು.’ ನಾನು ಅತ್ತೆ. ‘ನೀವ್ಯಾಕೆ ಅಳ್ತೀರಿ, ನೀವೇನು ಮಾಡಿದ್ರಿ?’ ಎಂದು ತನ್ನ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದಳು. ಅವಳು ಅಷ್ಟು ಕಷ್ಟಪಟ್ಟು ಕೊಟ್ಟ ಕ್ಷಮೆ ತಪ್ಪು ವಿಳಾಸಕ್ಕೆ ಹೋಗಿದೆ. ನೀವು ಅದನ್ನು ಇಟ್ಟುಕೊಳ್ಳುವಂತಿಲ್ಲ. ನನಗೆ ತಲುಪಿಸಲು ನಿಮ್ಮಿಂದಾಗದು.

ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಮೇಟ್ರನ್ ಹತ್ತಿರ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ಗಂಡನನ್ನು ಉಳಿಸೋದಕ್ಕೆ ಹೆಂಗಸರು ಏನು ಬೇಕಾದರೂ ಹೇಳ್ತಾರೆ, ನಾನೂ ಕಂಡಿದ್ದೇನೆ ಎಂದು ಭುಜ ತಟ್ಟಿ, ಚಹಾ ಕುಡಿಸಿ ಕಳಿಸಿದರು. ಮಾಡಿದ್ದನ್ನು ಮಾಡಿದೆ ಎಂದರೆ ನಂಬುವವರಿಲ್ಲ. ಮಾಡದವರಿಗೆ ಎಷ್ಟೊಂದು ಸಾಕ್ಷಿ.

ನೀವು ಅಕ್ಕನ ಮನೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತು ಹೇಳಿದಿರಿ, ಕ್ರಿಸ್ತ ಎಲ್ಲರ ಪಾಪ ಹೊತ್ತ, ನಾನು ಒಬ್ಬಳದು ಹೊರಬಾರದಾ, ಅದೂ ಒಂದು ಮರೆವು ಕಣೇ, ಮರೆವಿಗೆ ಯಾರ ಹೆಸರಾದರೇನು ಎಂದು. ಅದಕ್ಕೆ ಉತ್ತರ ಈಗ ಹೇಳುತ್ತೇನೆ. ಅವನು ಹೊತ್ತ, ನಿಜ. ಆದರೆ ಇವಳು ಮಾಡೇ ಇಲ್ಲ ಎಂದು ಯಾರ ಮುಂದೆಯೂ ಹೇಳಲಿಲ್ಲ. ನಮ್ಮ ಬಾಯಿ ಮುಚ್ಚಿಸಿ ಹೊರಲಿಲ್ಲ. ಏದೆನ್ ತೋಟದಲ್ಲಿ ಹಣ್ಣು ತಿಂದದ್ದಕ್ಕೆ ಆದಾಮನ ಉತ್ತರ ಸಿಕ್ಕಿದ ಮೇಲೂ ದೇವರು ಹವ್ವಳ ಕಡೆ ತಿರುಗಿ, ನೀನು ಮಾಡಿದ್ದೇನು ಎಂದು ಬೇರೆಯಾಗಿಯೇ ಕೇಳಿದ. ಗಂಡ ಹೇಳಿದ್ದಾನಲ್ಲ, ಸಾಕು ಬಿಡು ಎನ್ನಲಿಲ್ಲ. ಇಷ್ಟು ವರ್ಷ ಅದು ಗದರಿಕೆ ಎಂದುಕೊಂಡಿದ್ದೆ. ಈ ವಾರ ಅದು ಮರ್ಯಾದೆಯ ಮಾತಿನ ಹಾಗೆ ಕೇಳುತ್ತಿದೆ. ಅವಳೂ ಒಬ್ಬ ವ್ಯಕ್ತಿ ಎಂದು ಅಲ್ಲಿ ಒಬ್ಬನಾದರೂ ಎಣಿಸಿದನಲ್ಲ.

ನಿಮ್ಮ ಪ್ರೀತಿಯನ್ನು ಹೀಗಳೆಯುತ್ತಿಲ್ಲ. ಆದರೆ ಆ ಪ್ರೀತಿಯಲ್ಲಿ ನಾನೊಂದು ಮಗುವಾಗಿಬಿಟ್ಟೆ. ಮಗು ಚೆಲ್ಲಿದ್ದನ್ನು ಅಪ್ಪ ಒರೆಸುತ್ತಾನೆ, ಮಗುವಿನ ಕೈ ತೊಳೆಸುತ್ತಾನೆ, ಮಗು ಬೇರೆ ಆಟಕ್ಕೆ ಓಡುತ್ತದೆ. ನನಗೆ ಓಡಲು ಆಗುತ್ತಿಲ್ಲ.

ಹಾಗಾಗಿ ಕೇಳುತ್ತೇನೆ. ಗುರುವಾರ ನಿಮ್ಮನ್ನು ಮೊದಲು ಕರೆಯುತ್ತಾರೆ. ನಾನು ಬಾಯ್ಲರಿನ ಹತ್ತಿರ ಇದ್ದೆ, ಟ್ರೇ ಕಳಿಸಿದ್ದು ನೋಡಲಿಲ್ಲ, ಎಂದಷ್ಟೇ ಹೇಳಿ. ಅದು ನಿಜ. ಆಮೇಲೆ ನನ್ನನ್ನು ಕರೆಯುತ್ತಾರೆ. ನೀವು ಹೊರಗಿನ ಬೆಂಚಿನ ಮೇಲೆ ಕೂತಿರಿ, ಒಳಗೆ ಬರಬೇಡಿ. ನನ್ನ ಕೆಲಸ ಹೋಗಬಹುದು, ಪೊಲೀಸರು ಬರಬಹುದು. ಟೈಲರಮ್ಮ ನನಗೆ ಕೊಡಲು ಹೊಸದಾಗಿ ಏನೂ ಉಳಿಸಿಕೊಂಡಿರಲಿಕ್ಕಿಲ್ಲ. ಅವಳು ಯೋಚಿಸಿಟ್ಟಿದ್ದ ಆ ಬೈಗುಳವಾದರೂ ಸಿಗಲಿ.

ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಈ ಕಾಗದ ಓದುವಾಗಲಾದರೂ ಸ್ನಾನಕ್ಕೆ ಹೋಗಬೇಡಿ.

ನಿಮ್ಮ ಮೇಲೆ ಕೋಪವಿದ್ದೂ ದಾರಿ ಕಾಯುವ,
ನಿಮ್ಮ ಹೆಂಡತಿ

ತಾ.ಕ.: ಮೇಲೆ ‘ಮರೆತೆ’ ಎಂದು ಬರೆದಿದ್ದೇನೆ. ಗೂಡಿನಲ್ಲೂ ಹಾಗೇ ಹೇಳಿದ್ದೆ. ಲಕೋಟೆಗೆ ಅಂಟು ಹಚ್ಚಿ, ಅದು ಒಣಗುವ ಮೊದಲೇ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಆ ದಿನ ಪೊಟ್ಟಣ ಬಿಚ್ಚಿದ್ದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ್ದೆ. ತುದಿ ಮಾತ್ರ ಕಪ್ಪಾಗಿತ್ತು, ಉಳಿದದ್ದೆಲ್ಲ ಒಣಹುಲ್ಲಿನ ಬಣ್ಣ. ಅಷ್ಟರಲ್ಲಿ ಮೇಲಿನಿಂದ ಥಿಯೇಟರ್ ಸಿಸ್ಟರ್ ಫೋನ್ ಮಾಡಿ, ‘ಏನ್ರೀ, ನಿಮ್ಮ ಕುಕ್ಕರ್ ಇನ್ನೂ ವಿಸಿಲ್ ಹೊಡೀಲಿಲ್ವಾ?’ ಎಂದಳು. ಅವಳ ಹಿಂದೆ ಯಾರೋ ನಕ್ಕರು. ಇನ್ನೊಂದು ಸಲ ಹಾಗೆ ನಗೆಗೀಡಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಪಟ್ಟಿಯನ್ನು ಮಡಿಸಿ ಕಸದ ಡಬ್ಬಿಗೆ ಹಾಕಿದೆ, ಟ್ರೇಗಳನ್ನು ಮೇಲಕ್ಕೆ ಕಳಿಸಿದೆ. ನೀವು ಹೊತ್ತುಕೊಂಡು ಹೋಗಿರುವುದು ಒಂದು ಮರೆವನ್ನು. ಅಂಥದ್ದು ಆ ದಿನ ನಡೆಯಲೇ ಇಲ್ಲ.